ನಾಲ್ಕನೇ ಟೈರಿಗೆ ಜಾಗವಿಲ್ಲ

ಎರಡು ಸೀಟಿನ ಸ್ಪೋರ್ಟ್ಸ್ ಕಾರಿನಲ್ಲಿ ಮೂರು ಟೈರ್ ಹಿಡಿಸುತ್ತದೆ. ಒಂದು ಡಿಕ್ಕಿಯಲ್ಲಿ, ಒಂದು ಪಕ್ಕದ ಸೀಟಿನ ಮೇಲೆ, ಇನ್ನೊಂದು ಅದರ ಮುಂದೆ ಕಾಲಿಡುವ ಜಾಗದಲ್ಲಿ. ಅದೇ ಕಾರಿನಲ್ಲಿ ಟ್ರ್ಯಾಕಿಗೆ ಹೋಗಿ, ಅಲ್ಲಿ ಟೈರ್ ಬದಲಿಸಿ ರೇಸ್ ಓಡಿಸುವವರಿಗೆ ಬೇಕಾದದ್ದು ನಾಲ್ಕು. ಬೆಳಗಿನ ಜಾವ ಶಿವಮೊಗ್ಗದ ಮನೆ ಮುಂದೆ ಕಾರಿನ ಎರಡೂ ಬಾಗಿಲು ತೆಗೆದಿಟ್ಟು, ನಾಲ್ಕನೆಯದನ್ನು ಎದೆಗವಚಿಕೊಂಡು ನಿಂತವರನ್ನು ಕಂಡರೆ ಹಾಲಿನವನು ಕೇಳದೇ ಇರುತ್ತಾನೆಯೇ: ‘ಎಂತ ಮಾರಾಯ್ರೇ, ಟೈರ್ ಅಂಗಡಿ ಇಟ್ರಾ?’

ನಮ್ಮೂರಲ್ಲಿ ಅಡಿಕೆ ಮಂಡಿ ಇದೆ, ರೇಸ್ ಟ್ರ್ಯಾಕ್ ಇಲ್ಲ. ಡಿಂಬಂ ಘಾಟಿಯ 27 ಹೇರ್‌ಪಿನ್ ತಿರುವು ಇಳಿದು ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಗೆ ಹೋಗಬೇಕು, ಇಲ್ಲವೇ ಬೆಂಗಳೂರು ದಾಟಿ ಚೆನ್ನೈ ಹತ್ತಿರದ ಇರುಂಗಾಟ್ಟುಕೋಟ್ಟೈಗೆ. ಎರಡನೆಯದು ಸುಮಾರು 600 ಕಿ.ಮೀ. ರೇಸ್ ಟೈರನ್ನೇ ಹಾಕಿಕೊಂಡು ಹೋದರಾಯಿತಲ್ಲ ಎನ್ನುವವರಿದ್ದಾರೆ. ರಸ್ತೆಗಿಳಿಯುವ ಕಾರಿನ ಟೈರಿಗೆ ಕನಿಷ್ಠ 1.6 ಮಿ.ಮೀ. ಆಳದ ಗೀರು ಬೇಕು. ಸ್ಲಿಕ್ ಎಂಬ ರೇಸ್ ಟೈರು ಮಗುವಿನ ಕೆನ್ನೆಯಷ್ಟು ನುಣುಪು. ಗೀರಿರುವ ಸೆಮಿ-ಸ್ಲಿಕ್ ಆದರೆ ನಿಯಮಕ್ಕೆ ಒಗ್ಗುತ್ತದೆ, ಮಳೆಗೆ ಒಗ್ಗುವುದಿಲ್ಲ. ತರೀಕೆರೆ ಹತ್ತಿರ ಒಂದು ಹೊಡೆತದ ಮಳೆ ಬಂದರೆ ನೀರಿಗೆ ಹೊರಹೋಗಲು ದಾರಿಯಿಲ್ಲದೆ ಟೈರು ತೇಲತೊಡಗುತ್ತದೆ. ಆಗ ಸ್ಟಿಯರಿಂಗ್ ತಿರುಗಿಸುವುದು ಬರೀ ಕೈ ವ್ಯಾಯಾಮ. ಒಣ ರಸ್ತೆಯಲ್ಲೂ ಆ ಮೆತ್ತನೆ ರಬ್ಬರನ್ನು ಹೋಗಿಬರುವ 1200 ಕಿ.ಮೀ. ಡಾಂಬರಿಗೆ ತೇಯ್ದರೆ ಟ್ರ್ಯಾಕಿಗೆ ಉಳಿಯುವುದೇನು?

ಹಾಗಾಗಿ ಹೊತ್ತೊಯ್ಯಲೇಬೇಕು. 225/45 ಆರ್17 ಅಳತೆಯ ಟೈರ್ ತೆಗೆದುಕೊಳ್ಳಿ. ವ್ಯಾಸ 63 ಸೆಂ.ಮೀ. ಮೇಲೆ, ಅಗಲ 22–23 ಸೆಂ.ಮೀ., ಅಲಾಯ್ ರಿಮ್ ಸೇರಿ ತೂಕ 18ರಿಂದ 20 ಕೆ.ಜಿ. ಗಾಳಿ ಬಿಟ್ಟರೆ ಸಣ್ಣದಾಗುತ್ತದೆ ಎಂದು ವಾಲ್ವ್ ಒತ್ತಿ ನೋಡುವವರುಂಟು. ರಿಮ್ಮಿಗೆ ಕೂರಿಸಿದ ಟೈರು ಗಾಳಿ ಹೋದರೂ ಕುಗ್ಗುವುದಿಲ್ಲ, ಮುನಿಸಿಕೊಂಡ ನೆಂಟನ ಹಾಗೆ ಅಷ್ಟೇ ಜಾಗ ಹಿಡಿದು ಕೂರುತ್ತದೆ.

ಆಗ ಬರುವ ಮೊದಲ ದುರ್ಬುದ್ಧಿ: ಎರಡೇ ಒಯ್ದರೆ ಸಾಲದೇ? ಮುಂದೆ ರೇಸ್ ಟೈರ್, ಹಿಂದೆ ರಸ್ತೆ ಟೈರ್ ಹಾಕಿದರೆ ಮುಂದಿನದು ನೆಲ ಕಚ್ಚಿ ಹಿಡಿಯುತ್ತದೆ, ಹಿಂದಿನದು ಕೈಬಿಡುತ್ತದೆ, ಮೊದಲ ತಿರುವಿನಲ್ಲೇ ಕಾರು ಬುಗುರಿ. ಎರಡನೆಯ ದುರ್ಬುದ್ಧಿ, ಸ್ಟೆಪ್ನಿ ಮನೆಯಲ್ಲೇ ಬಿಡುವುದು. ಇದಕ್ಕೆ ಮಾಫಿ ಇದೆ, ಪಂಕ್ಚರ್ ಕಿಟ್ ಮತ್ತು 12 ವೋಲ್ಟಿನ ಗಾಳಿ ಪಂಪ್ ಜೊತೆಗಿದ್ದರೆ. ಇಲ್ಲದಿದ್ದರೆ ನಾಲ್ಕು ಟೈರ್ ಹೊತ್ತೂ ಪಂಕ್ಚರಾಗಿ ರಸ್ತೆಬದಿ ನಿಲ್ಲುವ ಭಾಗ್ಯ.

ಸರಿಯಾದ ದಾರಿ ಎಂದರೆ ಪಕ್ಕದ ಸೀಟನ್ನೇ ಬಿಚ್ಚುವುದು. ಸಾಮಾನ್ಯವಾಗಿ ನಾಲ್ಕು ಬೋಲ್ಟ್. ಮೊದಲು ಇಗ್ನಿಷನ್ ಆಫ್ ಮಾಡಿ, ಬ್ಯಾಟರಿಯ ನೆಗೆಟಿವ್ ಕಳಚಿ, ಕಾಫಿ ಕುಡಿದು ಬನ್ನಿ. ಏರ್‌ಬ್ಯಾಗ್ ಸರ್ಕ್ಯೂಟಿನಲ್ಲಿ ಉಳಿದ ವಿದ್ಯುತ್ ಇಳಿಯಲು ಹತ್ತು–ಹದಿನೈದು ನಿಮಿಷ ಬೇಕು. ಆಮೇಲೆ ಸೀಟಿನಡಿಯ ಹಳದಿ ಕನೆಕ್ಟರ್ ಬಿಡಿಸಿ. ಮತ್ತೆ ಬ್ಯಾಟರಿ ಜೋಡಿಸಿ ಕಾರು ಶುರು ಮಾಡಿದೊಡನೆ ಏರ್‌ಬ್ಯಾಗ್ ದೀಪ ಹೊತ್ತಿಕೊಳ್ಳುತ್ತದೆ. ಊರಿಗೆ ಮರಳಿ ಸೀಟು ಕೂರಿಸಿದ ಮೇಲೂ ಎಷ್ಟೋ ಕಾರುಗಳಲ್ಲಿ ಸ್ಕ್ಯಾನರ್ ಹಾಕುವ ತನಕ ಆರುವುದಿಲ್ಲ. ಸೀಟಿದ್ದ ಜಾಗದಲ್ಲಿ ಗೋಣಿಚೀಲ ಹಾಸಿ ಮೂರು ಟೈರ್ ಮಲಗಿಸಿ ಪೇರಿಸಿದರೆ ಎತ್ತರ ಸುಮಾರು 70 ಸೆಂ.ಮೀ. ನಾಲ್ಕನೆಯದು ಡಿಕ್ಕಿಗೆ. ಮನೆಯವರು ರಾತ್ರಿ ಬಸ್ಸಿಗೆ.

ಪೇರಿಸಿದ್ದನ್ನು ಕಟ್ಟದೇ ಬಿಡಬೇಡಿ. ಅಡಿಕೆ ಮೂಟೆ ಬಿದ್ದರೆ ಮೆತ್ತಗೆ ಬೀಳುತ್ತದೆ. ಚಕ್ರ ಹಾಗಲ್ಲ, ಬ್ರೇಕ್ ಒತ್ತಿದಲ್ಲಿ ಮುಂದಕ್ಕೆ, ತಿರುವಿನಲ್ಲಿ ನೇರ ಗೇರಿನ ಮೇಲೆ. ಸೀಟಿನ ಬೋಲ್ಟ್ ತೂತಿಗೆ ತಲೆಯಲ್ಲಿ ಬಳೆಯಿರುವ ಐ-ಬೋಲ್ಟ್ ಹಾಕಿ, ಮೂರೂ ಚಕ್ರಗಳ ರಿಮ್ಮಿನೊಳಗಿಂದ ರಾಚೆಟ್ ಬೆಲ್ಟ್ ತೂರಿಸಿ ಬಿಗಿಯಿರಿ. ಸೀಟು ಬಿಚ್ಚದೆ ಅದರ ಮೇಲೇ ಟೈರ್ ಕೂರಿಸಿದರೆ ಬೇರೆ ಕಾಟ: 2019ರ ಜುಲೈಯಿಂದ ಹೊಸ ಕಾರುಗಳಲ್ಲಿ ಪಕ್ಕದ ಸೀಟಿಗೂ ಬೆಲ್ಟ್ ಎಚ್ಚರಿಕೆ ಕಡ್ಡಾಯ. ಟೈರಿಗೆ ಬೆಲ್ಟ್ ಹಾಕುವ ತನಕ ಕೀಂ ಕೀಂ ನಿಲ್ಲುವುದಿಲ್ಲ. ಹಾಕಿದ ಮೇಲೆ ಟೋಲಿನವನ ನಗು ನಿಲ್ಲುವುದಿಲ್ಲ.

ಅಮೆರಿಕದಲ್ಲಿ ಇಂಥವರು ಕಾರಿನ ಹಿಂದೆ ಪುಟ್ಟ ಟ್ರೈಲರ್ ಎಳೆಯುತ್ತಾರೆ. ನಮ್ಮಲ್ಲಿ ಟ್ರೈಲರಿಗೂ ನೋಂದಣಿ ಬೇಕು, ಕಾರಿಗೆ ಎಳೆಯುವ ತಾಕತ್ತೂ ಕೊಕ್ಕೆಯೂ ಇರಬೇಕು. ಭಾರ ಹೇರುವ ವಿದ್ಯೆಯನ್ನು ಮಾತ್ರ ನಮಗೆ ಯಾರೂ ಕಲಿಸಬೇಕಿಲ್ಲ, ಎತ್ತಿನ ಗಾಡಿ ಹೂಡಿದ ಅಜ್ಜನಿಗೆ ಅದು ಗೊತ್ತು. ಹಿಂಭಾರವಾದರೆ ಮೂಕಿ ಮೇಲೇಳುತ್ತದೆ, ಮುಂಭಾರವಾದರೆ ಎತ್ತಿನ ಹೆಗಲು ಹುಣ್ಣು. ಟ್ರೈಲರಿನಲ್ಲೂ ಒಟ್ಟು ತೂಕದ ಶೇ. 10ರಷ್ಟು ಕೊಕ್ಕೆಯ ಮೇಲೆ ಕೂರಬೇಕು. ಹಿಂಭಾರವಾದ ಟ್ರೈಲರ್ ವೇಗ ಹೆಚ್ಚಿದಂತೆ ಬಾಲ ಅಲ್ಲಾಡಿಸುತ್ತದೆ, ಕೊನೆಗೆ ಬಾಲವೇ ಕಾರನ್ನು ಅಲ್ಲಾಡಿಸುತ್ತದೆ.

ಲಾರಿ ಪಾರ್ಸೆಲ್ ಅಗ್ಗ. ಆದರೆ ಟ್ರ್ಯಾಕ್ ದಿನ ಭಾನುವಾರ, ಗೋಡೌನ್ ಬಾಗಿಲು ತೆಗೆಯುವುದು ಸೋಮವಾರ.

ಗಾಳಿಯ ವಿಷಯಕ್ಕೆ ಬಂದರೆ, ಮಲೆನಾಡಿನ ಪಂಕ್ಚರ್ ಅಂಗಡಿಯ ಕಂಪ್ರೆಸರ್ ಮಳೆಗಾಲದಲ್ಲಿ ಗಾಳಿಯ ಜೊತೆ ನೀರನ್ನೂ ಪುಕ್ಕಟೆ ಕೊಡುತ್ತದೆ. ಟೈರ್ ಕಾದಾಗ ಆ ನೀರು ಆವಿಯಾಗಿ ಒತ್ತಡ ಲೆಕ್ಕ ತಪ್ಪುತ್ತದೆ. ಮೊದಲು ಕಂಪ್ರೆಸರ್ ಟ್ಯಾಂಕಿನ ನೀರು ಬಿಡಿಸಿ, ಇಲ್ಲವೇ ನೈಟ್ರೋಜನ್ ಹಿಡಿಸಿ. ಶಿವಮೊಗ್ಗ ಸಮುದ್ರಮಟ್ಟದಿಂದ ಸುಮಾರು 570 ಮೀಟರ್ ಮೇಲಿದೆ. ಇಲ್ಲಿ ಗೇಜು 30 ಪಿಎಸ್‌ಐ ಒತ್ತಡ ತೋರಿದ್ದು ಚೆನ್ನೈ ಬಯಲಿನಲ್ಲಿ ಎತ್ತರದ ಲೆಕ್ಕಕ್ಕೇ ಹೆಚ್ಚುಕಮ್ಮಿ ಒಂದು ಪಿಎಸ್‌ಐ ಇಳಿಯುತ್ತದೆ. ಬೆಳಗಿನ 18 ಡಿಗ್ರಿಯಿಂದ ಅಲ್ಲಿನ 34ಕ್ಕೆ ಹೋದಾಗ ಎರಡೂವರೆ ಏರುತ್ತದೆ. ಅಂದಮೇಲೆ ಊರಲ್ಲಿ ಪಾಯಿಂಟಿಗೆ ಪಾಯಿಂಟು ಕೂಡಿಸಿ ಅಳೆಯುವುದು ವ್ಯರ್ಥ, ಗೇಜು ಒಯ್ದು ಅಲ್ಲೇ ನೋಡಿ.

ಮರೆಯುವುದು ಮಾತ್ರ ಯಾವಾಗಲೂ ಸಣ್ಣದನ್ನೇ. ಚಕ್ರ ಕದಿಯದಂತೆ ಹಾಕುವ ಲಾಕ್ ಬೋಲ್ಟಿನ ಕೀಲಿ ಮನೆಯ ಶೋಕೇಸಿನಲ್ಲಿ ಉಳಿದರೆ ಟೈರ್ ಬದಲಿಸುವ ಆಟ ಅಲ್ಲಿಗೇ ಮುಗಿಯಿತು. ರೇಸ್ ರಿಮ್ಮಿಗೆ ಬೇರೆ ಬೋಲ್ಟ್ ಬೇಕಾಗಬಹುದು: ಒಂದರ ಕೂರುವ ಭಾಗ ಶಂಕುವಿನಾಕಾರ, ಇನ್ನೊಂದರದು ಗುಂಡಗೆ. ಅದಲುಬದಲಾದರೆ ಬಿಗಿಯಾದಂತೆ ಕಾಣುತ್ತದೆ, ಓಡುತ್ತಾ ಸಡಿಲಾಗುತ್ತದೆ. ಯಾವ ಚಕ್ರ ಎಲ್ಲಿಗೆಂದು ತಿಳಿಯಲು ಚಾಕ್‌ಪೀಸಿನಲ್ಲಿ ‘ಮುಂ.ಎ.’, ‘ಹಿಂ.ಬ.’ ಎಂದು ಬರೆದಿಡಿ.

ಟ್ರ್ಯಾಕಿನಿಂದ ಬಿಚ್ಚಿದ ಟೈರನ್ನು ಕೂಡಲೇ ಒಳಗೆ ತುಂಬಬೇಡಿ, ಮೈಯೆಲ್ಲ ಕಾದಿರುತ್ತದೆ, ಅಂಟಿದ ರಬ್ಬರ್ ಚೂರು ಸೀಟಿನ ಬಟ್ಟೆಗೆ ವರ್ಗವಾಗುತ್ತದೆ. ಕನಿಷ್ಠ ಅರ್ಧ ಗಂಟೆ ನೆರಳಿನಲ್ಲಿಡಿ. ರಸ್ತೆ ಚಕ್ರ ಹಾಕಿ, ಬೋಲ್ಟನ್ನು ಕಂಪನಿ ಹೇಳಿದ ಟಾರ್ಕಿಗೆ, ಅಂದರೆ ಅಷ್ಟೇ ತಿರುಗುಬಲಕ್ಕೆ, ಬಿಗಿದು ಹೊರಡಿ. 80–100 ಕಿ.ಮೀ. ಓಡಿದ ಮೇಲೆ ಇನ್ನೊಮ್ಮೆ ಬಿಗಿದು ನೋಡಬೇಕು. ಅಂದರೆ ವೆಲ್ಲೂರಿನ ಆಸುಪಾಸು, ಕಾಫಿಗೆ ನಿಲ್ಲಿಸುವ ಹೊತ್ತು. ಟಾರ್ಕ್ ರೆಂಚ್ ಎಲ್ಲಿದೆ? ಡಿಕ್ಕಿಯಲ್ಲಿ, ನಾಲ್ಕನೇ ಟೈರಿನ ಅಡಿಯಲ್ಲಿ.