ಸತ್ಯಾಂಶ: ಮಾಲ್‌ನ ಫಲಕ ಬದಲಾದದ್ದು ಚಿತ್ರತಂಡದ ತಪ್ಪಲ್ಲ
1985ರ ‘ಬ್ಯಾಕ್ ಟು ದ ಫ್ಯೂಚರ್’ ಚಿತ್ರದ ತಪ್ಪುಗಳೆಂದು ಹಂಚಿಕೆಯಾಗುವ ಪಟ್ಟಿಗಳಲ್ಲಿ, ಮಾಲ್‌ನ ಹೆಸರು ಆರಂಭದಲ್ಲಿ ಒಂದು, ಕೊನೆಯಲ್ಲಿ ಇನ್ನೊಂದು ಎಂಬ ಆಕ್ಷೇಪವೂ ಕಾಣಿಸಿಕೊಳ್ಳುತ್ತದೆ. ಫಲಕ ಬದಲಾಗುವುದು ನಿಜ. ಅದು ಅಜಾಗರೂಕತೆಯಿಂದ ಆಯಿತೆಂಬುದು ಮಾತ್ರ ಸರಿಯಲ್ಲ.

ಮೊದಲು ಅಲ್ಲಿ ‘ಟ್ವಿನ್ ಪೈನ್ಸ್ ಮಾಲ್’ ಎಂದಿರುತ್ತದೆ. ಕಾಲದಲ್ಲಿ ಹಿಂದಕ್ಕೆ ಪಯಣಿಸುವ ಕಾರಿನಲ್ಲಿ 1985ರಿಂದ 1955ಕ್ಕೆ ಹೋದ ಕಥಾನಾಯಕ ಮಾರ್ಟಿ, ಮುಂದೆ ಆ ಮಾಲ್ ತಲೆಯೆತ್ತಲಿರುವ ಜಮೀನಿನಿಂದ ಗಾಬರಿಯಲ್ಲಿ ಕಾರು ಓಡಿಸಿಕೊಂಡು ಪಾರಾಗುವಾಗ, ರೈತನೊಬ್ಬ ಬೆಳೆಸುತ್ತಿದ್ದ ಎರಡು ಪೈನ್ ಸಸಿಗಳಲ್ಲಿ ಒಂದನ್ನು ಉರುಳಿಸುತ್ತಾನೆ. ಆದ್ದರಿಂದಲೇ ಅವನು ಮರಳಿ ಬಂದ 1985ರಲ್ಲಿ ಫಲಕದ ಮೇಲೆ ಒಂಟಿ ಮರದ ಹೆಸರು, ‘ಲೋನ್ ಪೈನ್ ಮಾಲ್’. ಯಾವ ಪಾತ್ರವೂ ಇದನ್ನು ಬಾಯಿಬಿಟ್ಟು ಹೇಳದ ಕಾರಣ ತಪ್ಪೆಂದು ತೋರುವುದು ಸಹಜವೇ (ನನ್ನ ಮಟ್ಟಿಗೆ ಇಡೀ ಚಿತ್ರದ ಅತ್ಯಂತ ಜಾಣ ಹಾಸ್ಯ ಇದು).

ಇಂಥ ಸಂದೇಶ ಬಂದಾಗ ಎರಡು ಸ್ತಬ್ಧಚಿತ್ರಗಳನ್ನಷ್ಟೇ ಹೋಲಿಸದೆ, ಅವುಗಳ ನಡುವಿನ ದೃಶ್ಯಗಳನ್ನೂ ನೋಡಿ, ಬದಲಾವಣೆಗೆ ಕಥೆಯೊಳಗೇ ಕಾರಣವಿದೆಯೇ ಎಂದು ಹುಡುಕಬೇಕು. ವಸ್ತುವಿನ ಕುರಿತ ಆಕ್ಷೇಪವಾದರೆ ಅದು ತಯಾರಾದ ವರ್ಷವನ್ನು ಕಥೆಯ ವರ್ಷದೊಂದಿಗೆ ಹೋಲಿಸಿದರೆ ಸಾಕು. ಆ ಪರೀಕ್ಷೆಯಲ್ಲಿ ಚಿತ್ರ ಒಂದೆಡೆ ನಿಜಕ್ಕೂ ಎಡವುತ್ತದೆ: 1955ರ ನೃತ್ಯಕೂಟದಲ್ಲಿ ಮಾರ್ಟಿ ನುಡಿಸುವ ಗಿಬ್ಸನ್ ಇಎಸ್-345 ಗಿಟಾರ್ ಮಾರುಕಟ್ಟೆಗೆ ಬಂದದ್ದು ಆ ದಶಕದ ಕೊನೆಯಲ್ಲಿ.