ಸತ್ಯಾಂಶ: ಚೀನಾ ಆಕಾಶಕ್ಕೆ ಸೂರ್ಯನನ್ನು ಹಾರಿಸಿಲ್ಲ

ಸಾಗರ, ತೀರ್ಥಹಳ್ಳಿ ಕಡೆಯ ವಾಟ್ಸಾಪ್ ಗುಂಪುಗಳಲ್ಲಿ ಹಳೆಯ ವಿಡಿಯೊ ಓಡಾಡುತ್ತಿದೆ: ಕಡಲತೀರದಲ್ಲಿ ಜನ ನೋಡುತ್ತಿದ್ದಂತೆ ಬೆಳಕಿನ ಉಂಡೆಯೊಂದು ಮೇಲೇರುತ್ತದೆ. ‘ಚೀನಾದ ಕೃತಕ ಸೂರ್ಯ, ಇನ್ನು ನಮ್ಮ ಮಳೆಗಾಲಕ್ಕೂ ಕುತ್ತು’ ಎಂಬ ಒಕ್ಕಣೆ ಬೇರೆ. ಅಡಿಕೆ ತೋಟದವರಿಗೆ ಆತಂಕ ಸಹಜವೇ. ಆದರೆ ಅದು 2021ರ ಡಿಸೆಂಬರ್‌ನಲ್ಲಿ ಚೀನಾದ ಹೈನಾನ್ ದ್ವೀಪದಿಂದ ಹಾರಿದ ರಾಕೆಟ್.

‘ಕೃತಕ ಸೂರ್ಯ’ ಎನ್ನುವುದು ಚೀನಾದ ಹೆಫೈ ನಗರದ ಕಟ್ಟಡದೊಳಗಿರುವ ಟೊಕಾಮಾಕ್ ಯಂತ್ರ, ಅಂದರೆ ಸೂರ್ಯನಲ್ಲಿ ನಡೆಯುವಂತೆ ಪರಮಾಣುಗಳನ್ನು ಬೆಸೆಯುವ ಪ್ರಯೋಗಕ್ಕಾಗಿ ಅತಿ ಬಿಸಿ ಅನಿಲವನ್ನು ಕಾಂತಕ್ಷೇತ್ರದಲ್ಲಿ ಹಿಡಿದಿಡುವ ಯಂತ್ರ. ಅಲ್ಲಿ ಪ್ಲಾಸ್ಮಾ (ವಿದ್ಯುದಾವೇಶ ಪಡೆದ ಆ ಬಿಸಿ ಅನಿಲ) 10 ಕೋಟಿ ಡಿಗ್ರಿ ಮುಟ್ಟಿದ್ದು ನಿಜ. ಆದರೆ ಅದು ನಾವು ಉಸಿರಾಡುವ ಗಾಳಿಗಿಂತ ಲಕ್ಷಾಂತರ ಪಟ್ಟು ವಿರಳ. ಒಟ್ಟು ತೂಕ ಒಂದು ಗ್ರಾಮ್‌ಗೂ ಕಡಿಮೆ. ಹಿಡಿದಿಟ್ಟ ಕಾಂತಕ್ಷೇತ್ರ ತಪ್ಪಿದರೆ ಪ್ಲಾಸ್ಮಾ ಗೋಡೆಗೆ ತಾಗಿ ಕ್ಷಣದಲ್ಲೇ ಆರುತ್ತದೆ. ಪೆಟ್ಟಾದರೆ ಯಂತ್ರಕ್ಕೆ, ಆಗುಂಬೆಯ ಮೋಡಕ್ಕಲ್ಲ. ಅಂದಹಾಗೆ, ಇದೇ ಜಾತಿಯ ‘ಆದಿತ್ಯ’ ಟೊಕಾಮಾಕ್ ನಮ್ಮ ದೇಶದಲ್ಲೇ, ಗುಜರಾತಿನ ಗಾಂಧಿನಗರದಲ್ಲಿ 1989ರಲ್ಲೇ ಕೆಲಸ ಶುರುಮಾಡಿತ್ತು.