ಗೇರು ಹಾಕಿಸಿದ್ದು

"ಗೇರು ಹಾಕಿಸ್ತಾ ಇದೀನಿ" ಅಂತ ನಾನು ಮೊದಲು ಹೇಳಿದ್ದು ಅಮ್ಮನ ಹತ್ತಿರ. ಅವಳು ಸುಲಿಯುತ್ತಿದ್ದ ಅಡಿಕೆ ಕೆಳಗಿಟ್ಟು, ಕನ್ನಡಕದ ಮೇಲಿಂದ ನನ್ನನ್ನು ನೋಡಿದಳು.

"ನಮ್ಮ ಮಂಜಿಗೆ ಗೇರು ಬರಲ್ಲ ಮಾರಾಯ. ಹೂವೆಲ್ಲ ಕಪ್ಪಾಗಿ ಉದುರಿಹೋಗುತ್ತೆ. ಅದೇನಿದ್ದರೂ ಘಟ್ಟದ ಕೆಳಗಿನವರಿಗೆ."

ಆ ಗೇರಲ್ಲ ಅಮ್ಮ, ಜೀಪಿನ ಗೇರು ಅಂದೆ. "ಓ, ಅದಾ" ಅಂತ ಮತ್ತೆ ಅಡಿಕೆ ಸುಲಿಯತೊಡಗಿದಳು. ಗೋಡಂಬಿ ಗಿಡವನ್ನೇ ಹಾಕಿಸಿದ್ದರೆ ಚೆನ್ನಾಗಿತ್ತು. ಫಸಲು ಬರದಿದ್ದರೂ ಸದ್ದಂತೂ ಮಾಡುತ್ತಿರಲಿಲ್ಲ.

ನಮ್ಮದು ಮೂಡಿಗೆರೆ ಕಡೆಯ ಸಣ್ಣ ಕಾಫಿ ತೋಟ. ಮನೆಯಿಂದ ತೋಟಕ್ಕೆ ಮೂರು ಕಿಲೋಮೀಟರ್. ಅದರಲ್ಲಿ ಕೊನೆಯ ಅರ್ಧ ಕಿಲೋಮೀಟರ್ ರಸ್ತೆ ಅನ್ನುವುದಕ್ಕಿಂತ ಗೋಡೆ ಅನ್ನಬಹುದು. ನನ್ನ ಹತ್ತಿರ ಇರುವುದು ಪ್ಯೂಜೋ ಡೀಸೆಲ್ ಎಂಜಿನ್ನಿನ ಹಳೇ ಮಹೀಂದ್ರ ಜೀಪು. ಗೊಬ್ಬರದ ಮೂಟೆ ಹೇರಿಕೊಂಡು ಆ ಏರು ಹತ್ತುವಾಗ ಅದು ಏದುಸಿರು ಬಿಡುತ್ತದೆ. ನಾನೂ ಬಿಡುತ್ತೇನೆ. ವಯಸ್ಸು ಇಬ್ಬರಿಗೂ ಆಗಿದೆ. ಆದರೆ ನನ್ನ ಬಿಡಿಭಾಗ ಸಿಗುವುದಿಲ್ಲ, ಅದರದ್ದು ಸಿಗುತ್ತದೆ. ಎಡವಟ್ಟಾದದ್ದೇ ಅಲ್ಲಿ.

ಪಕ್ಕದೂರಿನ ಹುಡುಗನೊಬ್ಬನಿಗೆ ಜೀಪು ಓಟದ ಹುಚ್ಚು. ಕೆಸರಿನ ಹೊಂಡಕ್ಕೆ ಬೇಕಂತಲೇ ಜೀಪು ಇಳಿಸಿ, ಬೇಕಂತಲೇ ಸಿಕ್ಕಿಹಾಕಿಕೊಂಡು, ಆಮೇಲೆ ಎಳೆಸಿಕೊಂಡು ಬಂದು ಕಪ್ ಗೆಲ್ಲುವ ಆಟ ಅದು. ನಾವು ಅದನ್ನೇ ವರ್ಷಕ್ಕೆ ನಾಲ್ಕು ತಿಂಗಳು ಪುಕ್ಕಟೆ ಮಾಡುತ್ತೇವೆ. ಅವನು ಹೊಸ ಗಾಡಿ ಕಟ್ಟುತ್ತಿದ್ದ. ಹಳೆಯದರಿಂದ ಬಿಚ್ಚಿದ ಕ್ರೌನು-ಪಿನಿಯನ್ ಮಾರಾಟಕ್ಕಿತ್ತು.

"ಪರ್ಫಾರ್ಮೆನ್ಸ್ ಗೇರ್ ಅಣ್ಣ. ಹಾಕಿ ನೋಡಿ, ನಿಮ್ಮ ಜೀಪು ಮರ ಹತ್ತುತ್ತೆ" ಅಂದ.

ನನಗೆ ಮರ ಹತ್ತುವ ಜೀಪು ಬೇಕಿರಲಿಲ್ಲ. ಆದರೂ ಆ ಹೆಸರಿಗೆ ಮರುಳಾದೆ. ಆರು ಸಾವಿರ ಕೊಟ್ಟು, ಎರಡು ಕಬ್ಬಿಣದ ತುಂಡುಗಳನ್ನು ಗೋಣಿಚೀಲದಲ್ಲಿ ಸುತ್ತಿಕೊಂಡು ಬಂದೆ.

ವಿಷಯ ಗೊತ್ತಿಲ್ಲದವರಿಗೆ ಒಂದು ಮಾತು. ಜೀಪಿನ ಹಿಂದಿನ ಎರಡು ಚಕ್ರಗಳ ನಡುವೆ ಕುಂಬಳಕಾಯಿಯಂಥ ಒಂದು ಉಂಡೆ ಇರುತ್ತದಲ್ಲ, ಗ್ಯಾರೇಜಿನವರು ಅದನ್ನು ಹೌಸಿಂಗ್ ಅನ್ನುತ್ತಾರೆ. ಅದರೊಳಗೆ ಬಳೆಯಂಥ ದೊಡ್ಡ ಗೇರು, ಅದೇ ಕ್ರೌನು. ಅದನ್ನು ತಿರುಗಿಸುವ ಪುಟ್ಟ ಗೇರು ಪಿನಿಯನ್. ನನ್ನ ಜೀಪಿನಲ್ಲಿದ್ದ ಕ್ರೌನಿಗೆ 39 ಹಲ್ಲು, ಪಿನಿಯನ್ನಿಗೆ 8. ಅಂದರೆ ಎಂಜಿನ್ ಕಡೆಯಿಂದ ಬಂದು ಪಿನಿಯನ್ ತಿರುಗಿಸುವ ಶಾಫ್ಟು 4.88 ಸುತ್ತು ಸುತ್ತಿದರೆ ಚಕ್ರ ಒಂದು ಸುತ್ತು. ಹುಡುಗ ಕೊಟ್ಟದ್ದು 43ಕ್ಕೆ 8, ಅಂದರೆ 5.38. ಚಕ್ರ ನಿಧಾನ, ಎಳೆತ ಜಾಸ್ತಿ. ಏರಿಗೆ ಒಳ್ಳೆಯದೇ, ಸುಳ್ಳಲ್ಲ.

ಒಂದು ತಮಾಷೆ ಆಮೇಲೆ ಗೊತ್ತಾಯಿತು. ಎರಡನೇ ಮಹಾಯುದ್ಧದ ವಿಲ್ಲೀಸ್ ಜೀಪಿಗೆ ಇದ್ದದ್ದು ಇದೇ 4.88. ಯುದ್ಧ ಮುಗಿದ ಮೇಲೆ, 1945ರಲ್ಲಿ, ರೈತರು ಉಳುವುದಕ್ಕೂ ಆಗಲಿ ಅಂತ ಸಿಜೆ-2ಎ ಅನ್ನುವ ಜೀಪು ಬಂತು. ಅದಕ್ಕೆ ಹಾಕಿದ್ದು 5.38. ಅಂದರೆ ನಾನು ಪರ್ಫಾರ್ಮೆನ್ಸ್ ಅಂತ ದುಡ್ಡು ಸುರಿದು ತಂದದ್ದು ಅಮೆರಿಕದ ರೈತರು ಎಂಬತ್ತು ವರ್ಷದ ಹಿಂದೆ ಹೊಲ ಉತ್ತ ಲೆಕ್ಕವನ್ನು. ಜೀಪಿಗೆ ಮಿಲಿಟರಿಯಿಂದ ನಿವೃತ್ತಿ ಕೊಡಿಸಿದ್ದೆ.

ನಮ್ಮ ಮೆಕ್ಯಾನಿಕ್ ಒಳ್ಳೆಯವನು. ಯಾವ ಕೆಲಸಕ್ಕೂ ಆಗಲ್ಲ ಅಂದವನಲ್ಲ. ಪಂಪ್‌ಸೆಟ್, ಕಳೆ ಹೊಡೆಯುವ ಮಷಿನ್, ಒಮ್ಮೆ ನಮ್ಮ ಮಿಕ್ಸಿ, ಎಲ್ಲವನ್ನೂ ಬಿಚ್ಚಿದ್ದಾನೆ. ಕ್ರೌನು-ಪಿನಿಯನ್ ಕೂರಿಸುವುದು ಸ್ವಲ್ಪ ನಾಜೂಕಿನ ಕೆಲಸ. ಎರಡರ ಹಲ್ಲಿನ ನಡುವೆ ಸುಮಾರು 0.15 ಮಿಲಿಮೀಟರ್ ಸಡಿಲ ಇರಬೇಕು. ಅಂದರೆ ಎರಡು ತಲೆಕೂದಲು ಸೇರಿಸಿದಷ್ಟು. ಅದನ್ನು ಡಯಲ್ ಗೇಜ್ ಇಟ್ಟು ನೋಡಬೇಕು ಅಂತ ನಾನೆಲ್ಲೋ ಓದಿದ್ದೆ. ಸುಮ್ಮನಿರಲಾರದೆ ಕೇಳಿದೆ.

"ಗೇಜ್ ಎಲ್ಲ ಕಂಪನಿಯವರಿಗೆ ಸಾರ್" ಅಂದ. ಕ್ರೌನನ್ನು ಆಚೆ ಈಚೆ ಅಲುಗಾಡಿಸಿ, ಕಣ್ಣು ಮುಚ್ಚಿ, ತಂಬೂರಿ ಶ್ರುತಿ ಮಾಡುವವನ ಹಾಗೆ ತಲೆ ವಾಲಿಸಿ ಕೇಳಿದ. "ನಂಗೆ ಕೈಗೇ ಗೊತ್ತಾಗುತ್ತೆ."

ಸಂಜೆ ಜೀಪು ಹೊರಟಿತು. ಏರು ಹತ್ತಿತು. ಇದನ್ನು ನಾನು ಒಪ್ಪಿಕೊಳ್ಳಲೇಬೇಕು. ಮೊದಲು ಫಸ್ಟ್ ಗೇರಿನಲ್ಲಿ ಗೋಳಾಡುತ್ತಿದ್ದ ಕಡೆ ಸೆಕೆಂಡಿನಲ್ಲಿ ಹತ್ತಿತು. ನಾನು ಮೀಸೆ ತಿರುವಿಕೊಂಡು ಇಳಿದು, ಡಾಂಬರು ರಸ್ತೆಗೆ ಬಂದೆ. ಸ್ಪೀಡು 35 ದಾಟಿತು. ಹಿಂದಿನಿಂದ ಊಂ ಅಂತ ಶುರುವಾಯಿತು.

ಸಣ್ಣ ಸದ್ದಲ್ಲ. ಹಿಟ್ಟಿನ ಗಿರಣಿಗೆ ಯಾರೋ ಸಂಗೀತ ಕಲಿಸುತ್ತಿದ್ದ ಹಾಗೆ. ಆಕ್ಸಿಲರೇಟರ್ ಒತ್ತಿದರೆ ಮೇಲಿನ ಸ್ಥಾಯಿ, ಕಾಲು ತೆಗೆದರೆ ಕೆಳಗಿನದು. 45 ದಾಟಿಸಿದರೆ ನಿಲ್ಲಬಹುದು ಅಂದುಕೊಂಡೆ. ಆದರೆ 45 ದಾಟಿಸಿದರೆ ಈ ಹೊಸ ಗೇರಿನ ದೆಸೆಯಿಂದ ಎಂಜಿನ್ನೇ ಕಿರುಚಲು ಶುರು ಮಾಡುತ್ತಿತ್ತು. ಎರಡರಲ್ಲಿ ಯಾವುದನ್ನು ಕೇಳುವುದು ಅನ್ನುವುದಷ್ಟೇ ನನ್ನ ಆಯ್ಕೆ. ಕೆಂಪು ಬಸ್ಸು ನನ್ನನ್ನು ಹಿಂದೆ ಹಾಕಿತು. ಹಾಲಿನ ಆಟೋವೂ ಹಾಕಿತು. ಆಟೋದವನು ತಿರುಗಿ ನೋಡಿ ಕೈ ಬೀಸಿದ. ಅದು ನಮಸ್ಕಾರವೋ ಸಾಂತ್ವನವೋ ತಿಳಿಯಲಿಲ್ಲ.

ಮನೆ ಮುಂದೆ ನಿಲ್ಲಿಸಿದಾಗ ಅಮ್ಮ ಜಗಲಿಯಲ್ಲಿ ಗಾಬರಿಯಿಂದ ನಿಂತಿದ್ದಳು. "ಯಾರ ಮನೆಯಲ್ಲೋ ಅಳ್ತಾ ಇದ್ದಾರೆ ಅಲ್ವೇನೋ? ಹೋಗಿ ವಿಚಾರಿಸಿ ಬಾ."

"ರನ್ನಿಂಗಲ್ಲಿ ಸರಿ ಹೋಗುತ್ತೆ ಸಾರ್" ಅಂದ ಮೆಕ್ಯಾನಿಕ್. ಗ್ಯಾರೇಜಿನ ಭಾಷೆಯಲ್ಲಿ ಇದರ ಅರ್ಥ, ನಿಮಗೇ ಅಭ್ಯಾಸವಾಗುತ್ತದೆ ಅಂತ.

ನನಗೆ ಅಭ್ಯಾಸವಾಗುವ ಮೊದಲು ಊರಿಗೆ ಅಭ್ಯಾಸವಾಯಿತು. ಪಕ್ಕದ ತೋಟದವರು "ಗಿರಣಿ ಶುರು ಮಾಡಿದ್ರಂತೆ?" ಅಂತ ಕೇಳಿದರು. ಕೆಲಸದವರಿಗೆ ಬಹಳ ಅನುಕೂಲವಾಯಿತು. ಒಂದು ಕಿಲೋಮೀಟರ್ ದೂರದಲ್ಲಿ ನನ್ನ ಊಂ ಕೇಳಿದ ಕೂಡಲೇ ಎಲೆಯಡಿಕೆ ಉಗಿದು ಎದ್ದು ನಿಲ್ಲುತ್ತಿದ್ದರು. ನಾನು ಹೋಗುವ ಹೊತ್ತಿಗೆ ತೋಟದಲ್ಲಿ ಅಷ್ಟು ಜೋರಾಗಿ ಕೆಲಸ ನಡೆಯುವುದನ್ನು ನಾನು ಹಿಂದೆಂದೂ ಕಂಡಿರಲಿಲ್ಲ.

ನಿಜವಾಗಿ ಪೆಟ್ಟು ಬಿದ್ದದ್ದು ಬೇರೆ ಕಡೆ. ಡಾಕ್ಟರು ನನಗೆ ಎಣ್ಣೆ ತಿಂಡಿ ಬೇಡ ಅಂದಿದ್ದಾರೆ. ಮನೆಯವಳು ಅದನ್ನು ಡಾಕ್ಟರಿಗಿಂತ ಜಾಸ್ತಿ ಮನಸ್ಸಿಗೆ ತೆಗೆದುಕೊಂಡಿದ್ದಾಳೆ. ಹಾಗಾಗಿ ನಾನು ತೋಟಕ್ಕೆ ಅಂತ ಹೊರಟು, ವಾರಕ್ಕೆರಡು ಸಲ ಐದೂವರೆ ಕಿಲೋಮೀಟರ್ ದೂರದ ಪೇಟೆಗೆ ಹೋಗಿ ಬಿಸಿಬಿಸಿ ಗೋಳಿಬಜೆ ತಿಂದು ಬರುವುದು ಒಂದು ಪದ್ಧತಿ. ನಮ್ಮ ಗೇಟಿನಿಂದ ಎಡಕ್ಕೆ ತೋಟ, ಬಲಕ್ಕೆ ಪೇಟೆ. ಈಗ ಊಂ ಎಡಕ್ಕೆ ಹೋಯಿತೋ ಬಲಕ್ಕೆ ಹೋಯಿತೋ ಅಡಿಗೆಮನೆಯಲ್ಲಿ ಕೂತವಳಿಗೆ ಸ್ಪಷ್ಟವಾಗಿ ಕೇಳುತ್ತಿತ್ತು.

ನಾನೂ ಬಿಡಲಿಲ್ಲ. ಪೇಟೆ ಕಡೆ 30ರ ಮೇಲೆ ಹೋಗದೆ, ಶವಯಾತ್ರೆಯ ವೇಗದಲ್ಲಿ, ಸದ್ದಿಲ್ಲದೆ ಸಾಗಿದೆ. ಗೋಳಿಬಜೆ ತಿಂದು ಅದೇ ವೇಗದಲ್ಲಿ ವಾಪಸು ಬಂದೆ. ಗೆದ್ದೆ ಅಂದುಕೊಂಡೆ. ನಮ್ಮ ಮನೆಯಲ್ಲಿ ಡೀಸೆಲ್ ಲೆಕ್ಕದ ಪುಸ್ತಕ ಅವಳ ಕೈಯಲ್ಲಿರುತ್ತದೆ. ಸಂಜೆ ಮೀಟರ್ ನೋಡಿ ಬರೆದುಕೊಂಡವಳು ಕೇಳಿದಳು.

"ರೀ, ತೋಟಕ್ಕೆ ಹೋಗಿ ಬರೋಕೆ 19 ಕಿಲೋಮೀಟರಾ?"

"ಅದೂ... ಗೇರು ಬದಲಾಯಿತಲ್ಲ, ಮೀಟರ್ ಜಾಸ್ತಿ ತೋರಿಸುತ್ತೆ" ಅಂದೆ. ಇದು ನಿಜವೇ. ಜೀಪಿನಲ್ಲಿ ಮೀಟರಿನ ಕೇಬಲ್ ಹೌಸಿಂಗಿಗಿಂತ ಮೊದಲೇ, ಗೇರ್‌ಬಾಕ್ಸಿನ ಹಿಂದಿನ ಟ್ರಾನ್ಸ್‌ಫರ್ ಕೇಸಿನಿಂದ ಬರುತ್ತದೆ. ಹಿಂದೆ ಹಲ್ಲು ಬದಲಾದದ್ದು ಅದಕ್ಕೆ ಗೊತ್ತಾಗುವುದೇ ಇಲ್ಲ.

"ಎಷ್ಟು ಜಾಸ್ತಿ?"

ಆವತ್ತು ನನಗೆ ಸುಳ್ಳು ಹೇಳಲು ತೋಚಲಿಲ್ಲ. "ನೂರಕ್ಕೆ ಹತ್ತು" ಅಂದೆ.

ಅವಳು ಪುಸ್ತಕದ ಅಂಚಿನಲ್ಲಿ ಏನೋ ಗೀಚಿದಳು. "ಹಾಗಾದರೆ ನಿಜವಾಗಿ ಓಡಿದ್ದು 17. ತೋಟಕ್ಕೆ ಹೋಗಿ ಬರೋಕೆ 6. ಇನ್ನು 11. ಪೇಟೆಗೆ ಎಷ್ಟು ಐದೂವರೆನಾ?"

ಆ ದಿನ ರಾತ್ರಿ ನನಗೆ ಗಂಜಿ.

ಇಷ್ಟಕ್ಕೇ ಮುಗಿದಿದ್ದರೆ ನಾನು ಸಹಿಸಿಕೊಂಡು ಹೋಗುತ್ತಿದ್ದೆನೋ ಏನೋ. ಆಷಾಢದಲ್ಲಿ ಬೆಂಗಳೂರಿನಿಂದ ಭಾವಮೈದ ಬಂದ. ಅವನದು ಬ್ಯಾಟರಿ ಕಾರು. ಅದು ಬಂದು ನಿಂತದ್ದು ನಾಯಿಗೂ ಗೊತ್ತಾಗಲಿಲ್ಲ. ಇಂಥವನಿಗೆ ಜೀಪು ಅಂದರೇನು ಅಂತ ತೋರಿಸಬೇಡವೇ? ತೋಟಕ್ಕೆ ಕರೆದುಕೊಂಡು ಹೋದೆ. ಕೆಸರು ಬಂದಲ್ಲಿ "ಈಗ ನೋಡು" ಅಂತ, ಮುಂದಿನ ಚಕ್ರಗಳಿಗೂ ಎಂಜಿನ್ನಿನ ಎಳೆತ ಕೊಡುವ ಫೋರ್ ವೀಲ್ ಲಿವರ್ ಎಳೆದೆ. ಜೀಪು ಅಲ್ಲಲ್ಲಿ ಜಾರುತ್ತ, ಗುರುಗುಟ್ಟುತ್ತ ಹತ್ತಿತು. ಭಾವಮೈದ ಸರಳು ಗಟ್ಟಿಯಾಗಿ ಹಿಡಿದುಕೊಂಡಿದ್ದ. ನನಗೆ ಆನಂದ.

ವಾಪಸು ಬರುವಾಗ ಆ ಆನಂದದಲ್ಲೇ ಲಿವರ್ ಬಿಡಿಸಲು ಮರೆತೆ. ಪಂಚಾಯಿತಿಯವರು ಹಾಕಿದ ಕಾಂಕ್ರೀಟ್ ರಸ್ತೆಗೆ ಬಂದು ನೂರು ಮಾರು ಹೋಗಿಲ್ಲ, ಸ್ಟೇರಿಂಗ್ ಕಲ್ಲಾಯಿತು. ಟೈರು ಕೀಚ್ ಕೀಚ್ ಅಂತ ಕುಪ್ಪಳಿಸಿದವು. ಬಸ್‌ಸ್ಟಾಂಡಿನ ಎದುರಿಗೆ ಸರಿಯಾಗಿ ಜೀಪು ನಿಂತೇಬಿಟ್ಟಿತು. ಲಿವರ್ ಅತ್ತಲೂ ಇಲ್ಲ, ಇತ್ತಲೂ ಇಲ್ಲ.

ಆಗಿದ್ದು ಇಷ್ಟು. ಹಿಂದಿನ ಹೌಸಿಂಗಿಗೆ 5.38 ಹಾಕಿದ್ದೆವು. ಮುಂದಿನದು ಹಳೆಯ 4.88. ಶಾಫ್ಟು ನೂರು ಸುತ್ತು ಸುತ್ತಿದರೆ ಮುಂದಿನ ಚಕ್ರಕ್ಕೆ ಇಪ್ಪತ್ತೂವರೆ ಸುತ್ತು, ಹಿಂದಿನದಕ್ಕೆ ಹದಿನೆಂಟೂವರೆ ಚಿಲ್ಲರೆ. ಮುಂದಿನವು ಸಂತೆಗೆ ಹೊರಟಿವೆ, ಹಿಂದಿನವು ತಿಥಿ ಊಟ ಮುಗಿಸಿ ಬರುತ್ತಿವೆ. ಕೆಸರಿನಲ್ಲಿ ಜಾರಿ ಜಾರಿ ಹೇಗೋ ಹೊಂದಿಕೊಂಡಿದ್ದವು. ಕಾಂಕ್ರೀಟಿನ ಮೇಲೆ ಜಾರಲು ಜಾಗವಿಲ್ಲ. ಆ ಸೆಣಸಾಟವೆಲ್ಲ ಶಾಫ್ಟಿನಲ್ಲಿ ಸುತ್ತಿಕೊಂಡು ಲಿವರನ್ನು ಕಚ್ಚಿ ಹಿಡಿದಿತ್ತು. ಎರಡೂ ಕಡೆ ಒಂದೇ ಗೇರು ಇರಬೇಕು ಅನ್ನುವುದನ್ನು ಹುಡುಗ ಹೇಳಲಿಲ್ಲ, ಮೆಕ್ಯಾನಿಕ್ ಹೇಳಲಿಲ್ಲ. ನಾನು ಕೇಳಲೂ ಇಲ್ಲ ಅನ್ನಿ.

ಬಸ್ಸಿಗೆ ಕಾಯುತ್ತಿದ್ದವರೆಲ್ಲ ಸಲಹೆ ಕೊಟ್ಟರು. ಟ್ರ್ಯಾಕ್ಟರ್ ಓಡಿಸುವ ಮುದುಕರೊಬ್ಬರು ಮಾತ್ರ ಕೆಲಸಕ್ಕೆ ಬರುವ ಮಾತಾಡಿದರು. "ಹಿಂದಕ್ಕೆ ತಗೊಳ್ಳಿ. ಸುತ್ತಿಕೊಂಡಿದ್ದು ಬಿಚ್ಚಿಕೊಳ್ಳುತ್ತೆ." ಹಾಗೆ ನಾನು ಬಂದ ದಾರಿಯಲ್ಲೇ ರಿವರ್ಸ್ ಹೊರಟೆ. ಹಿಂದೆ ಜನ, ಎರಡು ನಾಯಿ, "ಬರ್ಲಿ ಬರ್ಲಿ, ರೈಟ್" ಅನ್ನುವ ಶಾಲೆ ಹುಡುಗರು. ಇನ್ನೂರು ಮೀಟರ್ ಹೋದ ಮೇಲೆ ಟಣ್ ಅಂತ ಲಿವರ್ ಬಿಟ್ಟುಕೊಂಡಿತು. ಚಪ್ಪಾಳೆ ಬಿತ್ತು.

"ಭಾವ, ಸಬ್ಸಿಡಿ ಏನಾದ್ರೂ ಇದೆಯಾ ನೋಡಿ ಒಂದು ಬ್ಯಾಟರಿ ಗಾಡಿ ತಗೊಂಡ್ಬಿಡಿ" ಅಂದ ಭಾವಮೈದ. ಮನೆ ಸೇರುವ ತನಕ ನಾನು ಅವನ ಹತ್ತಿರ ಮಾತಾಡಲಿಲ್ಲ. ಆಡಿದರೂ ಆ ಸದ್ದಿನಲ್ಲಿ ಕೇಳುತ್ತಿರಲಿಲ್ಲ.

ಕೊನೆಗೆ ಊಂ ಅನ್ನಿಸುತ್ತ ಬೇಲೂರು ದಾಟಿ ಹಾಸನಕ್ಕೆ ಹೋದೆ. ಅಲ್ಲೊಬ್ಬರು ವಯಸ್ಸಾದ ಮೇಸ್ತ್ರಿ ಇದ್ದಾರೆ ಅಂತ ಯಾರೋ ಹೇಳಿದ್ದರು. ಅವರು ಹೌಸಿಂಗ್ ಬಿಚ್ಚಿ, ಕ್ರೌನಿನ ಹಲ್ಲುಗಳಿಗೆ ನೀಲಿ ಬಣ್ಣ ಸವರಿ, ನಿಧಾನವಾಗಿ ತಿರುಗಿಸಿದರು. ಪಿನಿಯನ್ ಒತ್ತಿದ ಗುರುತು ಹಲ್ಲಿನ ನಡುಮಧ್ಯೆ ಬೀಳಬೇಕಂತೆ. ನನ್ನದರಲ್ಲಿ ತುದಿಗೆ ಬಿದ್ದಿತ್ತು, ಬಾಯಿ ಬಿಟ್ಟು ತುಟಿಗೆ ಹಚ್ಚಬೇಕಾದ ಬಣ್ಣ ಕೆನ್ನೆಗೆ ತಾಗಿದ ಹಾಗೆ. ಆಮೇಲೆ ಚಿಂದಿಯಿಂದ ಒರೆಸಿ, ಟಾರ್ಚ್ ಹಿಡಿದು, "ಬನ್ನಿ ಇಲ್ಲಿ" ಅಂದರು.

ಕ್ರೌನಿನ ಮೇಲೆ ಒಂದು ನಂಬರ್ ಕೊರೆದಿತ್ತು. ಪಿನಿಯನ್ನಿನ ತಲೆಯ ಮೇಲೆ ಬೇರೆ ನಂಬರ್.

"ಇವೆರಡನ್ನೂ ಫ್ಯಾಕ್ಟರಿಯಲ್ಲೇ ಒಂದಕ್ಕೊಂದು ಉಜ್ಜಿ ಜೋಡಿ ಮಾಡಿರುತ್ತಾರೆ. ಒಂದೇ ನಂಬರ್ ಹಾಕಿರುತ್ತಾರೆ. ಇದು ಯಾರ ಮನೆ ಕ್ರೌನೋ, ಅದು ಯಾರ ಮನೆ ಪಿನಿಯನ್ನೋ. ಇನ್ನೇನು ಮಾಡುತ್ತವೆ, ಜಗಳ ಆಡುತ್ತವೆ."

ಇನ್ನೊಂದು ವಸ್ತುವನ್ನೂ ಚಿಮಟದಲ್ಲಿ ಹಿಡಿದು ತೋರಿಸಿದರು. ಸಂದು ಸರಿ ಮಾಡಲು ಶಿಮ್ ಅಂತ ತೆಳ್ಳಗಿನ ಬಳೆ ಹಾಕುತ್ತಾರೆ. ನಮ್ಮ ಕೈಗೇ ಗೊತ್ತಾಗುವ ಮೆಕ್ಯಾನಿಕ್ ಅದನ್ನು ಪೌಡರ್ ಡಬ್ಬಿಯ ತಗಡಿನಿಂದ ಕತ್ತರಿಸಿದ್ದ. ಎಣ್ಣೆ ಒರೆಸಿದಾಗ ಅದರ ಮೇಲೆ ಅರ್ಧ ಗುಲಾಬಿ ಹೂವು ಕಾಣಿಸಿತು.

"ಹಳೇ ಸೆಟ್ ಏನು ಮಾಡಿದ್ರಿ?"

ಕೊಟ್ಟಿಗೆ ಬಾಗಿಲಿಗೆ ಒತ್ತು ಇಟ್ಟಿದ್ದೀನಿ ಅಂದೆ. ಮೇಸ್ತ್ರಿ ಸ್ವಲ್ಪ ಹೊತ್ತು ನನ್ನನ್ನೇ ನೋಡಿದರು. "ಅದನ್ನೇ ತಗೊಂಡು ಬನ್ನಿ" ಅಂದರು. ನಂಬರ್ ಎರಡರ ಮೇಲೂ ಒಂದೇ ಇತ್ತು. ಒಂದು ಹಲ್ಲೂ ಮುಕ್ಕಾಗಿರಲಿಲ್ಲ. ಒಟ್ಟು ಹದಿನೇಳು ಸಾವಿರ ಖರ್ಚಿನಲ್ಲಿ ಜೀಪು ಮೊದಲು ಹೇಗಿತ್ತೋ ಹಾಗೇ ಆಯಿತು. ಏರಿನಲ್ಲಿ ಏದುಸಿರು ಬಿಡುತ್ತದೆ. ನಾನು ಗೊಬ್ಬರದ ಮೂಟೆ ನಾಲ್ಕು ಕಮ್ಮಿ ಹೇರುತ್ತೇನೆ.

ಪರ್ಫಾರ್ಮೆನ್ಸ್ ಪಿನಿಯನ್ ಈಗ ಕೊಟ್ಟಿಗೆ ಬಾಗಿಲಿಗೆ ಒತ್ತಾಗಿದೆ. ಕ್ರೌನನ್ನು ಮನೆಯವಳು ಹಿತ್ತಲ ಹಲಸಿನ ಕೊಂಬೆಗೆ ತೂಗುಹಾಕಿಸಿದ್ದಾಳೆ. ಊಟದ ಹೊತ್ತಿಗೆ ಕತ್ತಿಯ ಹಿಂಬದಿಯಿಂದ ಒಂದು ಬಾರಿಸಿದರೆ ಕೆಳಗಿನ ಗದ್ದೆಯ ತನಕ ಕೇಳುತ್ತದೆ.

ಮೊನ್ನೆ ಜೀಪಿನ ಹುಡುಗ ಫೋನ್ ಮಾಡಿದ್ದ. "ಅಣ್ಣ, ಆ ಪರ್ಫಾರ್ಮೆನ್ಸ್ ಗೇರ್ ತೆಗೆದುಬಿಟ್ರಂತೆ? ಕೊಡ್ತೀರಾ? ಸಕಲೇಶಪುರದಲ್ಲಿ ಒಬ್ರು ತುಂಬಾ ಆಸೆಯಿಂದ ಕೇಳ್ತಾ ಇದ್ದಾರೆ. ಕಂಡೀಷನ್ ಹೇಗಿದೆ?"

ಅಷ್ಟು ಹೊತ್ತಿಗೆ ಹಿತ್ತಲಿನಲ್ಲಿ ಊಟಕ್ಕೆ ಬಾರಿಸಿದಳು. ನಾನು ಫೋನನ್ನು ಕಿಟಕಿಯ ಹೊರಗೆ ಹಿಡಿದೆ.